ಹಳ್ಳ ಕೂಡುತ್ತದೆ, ಕಾಲುವೆ ಕವಲೊಡೆಯುತ್ತದೆ

ನಮ್ಮ ಕಡೆ ನೀರಿಗೂ ಹಿರಿಕಿರಿತನವಿದೆ. ಮಳೆ ಬಿದ್ದಾಗ ಹೊಲದ ಬದುವಿನಗುಂಟ ಹರಿದು ಮರುದಿನ ಇಲ್ಲವಾಗುವುದು ಸರುವು. ನಾಲ್ಕಾರು ಸರುವು ಕೂಡಿದರೆ ಹಳ್ಳ. ಹಳ್ಳಗಳನ್ನೆಲ್ಲ ಒಳಗೆ ಹಾಕಿಕೊಂಡು ದೊಡ್ಡದಾದದ್ದು ಹಿರೇಹಳ್ಳ. ಇವೆಲ್ಲ ಕೊನೆಗೆ ಹೋಗಿ ಸೇರುವುದು ಹೊಳೆಯನ್ನು. ಕೊಪ್ಪಳ, ಗಂಗಾವತಿಯವರಿಗೆ ಹೊಳೆ ಎಂದರೆ ತುಂಗಭದ್ರೆಯೇ. ಬೇರೆ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ. ಯಲಬುರ್ಗಾ ಸೀಮೆಯ ಎರೆ ಹೊಲಗಳ ನೀರನ್ನು ಬಳಿದುಕೊಂಡು ಕೊಪ್ಪಳದ ಕಡೆಗೆ ಇಳಿದು ಹೊಳೆ ಸೇರುವ ಹಿರೇಹಳ್ಳಕ್ಕೆ ಯಾವ ಪುರಾಣವೂ ಇಲ್ಲ, ಸ್ಥಳಮಹಾತ್ಮೆಯೂ ಇಲ್ಲ. ಅದರ ಹೆಸರೇ ಅದರ ದರ್ಜೆ. ಮನೆಯಲ್ಲಿ ಹಿರಿಯ, ಊರಲ್ಲಿ ಹಿರೇಮಠ, ಹಾಗೆಯೇ ಹಳ್ಳಗಳಲ್ಲಿ ಹಿರೇಹಳ್ಳ.

ಈ ದರ್ಜೆಯನ್ನು ಅಂಕಿಯಲ್ಲಿ ಬರೆದವನು ಅಮೆರಿಕದ ರಾಬರ್ಟ್ ಹಾರ್ಟನ್. 1945ರಲ್ಲಿ ಪ್ರಕಟವಾದ ಅವನ ದೀರ್ಘ ಪ್ರಬಂಧದಲ್ಲಿ ಉಪನದಿಯೇ ಇಲ್ಲದ ತೊರೆ ಒಂದನೇ ದರ್ಜೆಯದು, ಅಂಥವು ಕೂಡಿದಾಗ ಎರಡನೆಯದು, ಹೀಗೆ ಮೇಲೇರುತ್ತ ಹೋಗುತ್ತದೆ. 1950ರ ದಶಕದಲ್ಲಿ ಆರ್ಥರ್ ಸ್ಟ್ರಾಲರ್ ಅದನ್ನು ಇನ್ನಷ್ಟು ಸರಳ ಮಾಡಿದ. ಸಮದರ್ಜೆಯ ಎರಡು ಕೂಡಿದರೆ ಮಾತ್ರ ಬಡ್ತಿ. ಹಿರಿಯನ ಮನೆಗೆ ಕಿರಿಯ ಬಂದು ಸೇರಿದರೆ ಹಿರಿಯನ ಪಟ್ಟವೇನೂ ಏರುವುದಿಲ್ಲ. ಇಂದಿಗೂ ಕಂಪ್ಯೂಟರಿನಲ್ಲಿ ನದಿಜಾಲವನ್ನು ಬಿಡಿಸುವವರು ಈ ಲೆಕ್ಕವನ್ನೇ ಹಿಡಿದು ನಡೆಯುತ್ತಾರೆ. ಹಾರ್ಟನ್ನನ ಪ್ರಬಂಧ ಬಂದ ಅದೇ 1945ರಲ್ಲಿ, ಫೆಬ್ರುವರಿ 28ರಂದು, ತುಂಗಭದ್ರೆಯ ಎರಡು ದಂಡೆಗಳಲ್ಲಿ ಎರಡು ಅಡಿಗಲ್ಲುಗಳು ಬಿದ್ದವು. ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಎಡದಂಡೆಯಲ್ಲಿ ನಿಜಾಮರ ಕಡೆಯಿಂದ ಬೇರಾರಿನ ರಾಜಕುಮಾರ. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳು. ಆದರೆ ಹಾರ್ಟನ್ನನ ಲೆಕ್ಕಕ್ಕೂ ಆ ಅಣೆಕಟ್ಟಿನಿಂದ ಹೊರಟ ಕಾಲುವೆಗಳಿಗೂ ಮುಂದೆ ಒಂದು ಜಗಳ ಕಾದಿತ್ತು.

ಹಾರ್ಟನ್ನನ ಲೆಕ್ಕದ ಬುಡದಲ್ಲಿ ಒಂದು ನಂಬಿಕೆಯಿದೆ: ನೀರು ಕೂಡುತ್ತದೆ, ಬೇರೆಯಾಗುವುದಿಲ್ಲ. ನದಿಯೆಂದರೆ ಮಲಗಿಸಿದ ಒಂದು ಮರ. ರೆಂಬೆಗಳೆಲ್ಲ ಬೊಡ್ಡೆಯ ಕಡೆಗೆ ಬರುತ್ತವೆ. ಮಲೆನಾಡಿಗೆ ಈ ಚಿತ್ರ ಬಹುಮಟ್ಟಿಗೆ ಒಪ್ಪುತ್ತದೆ. ಯಲಬುರ್ಗಾದ ಮಡ್ಡಿಗೂ ಒಪ್ಪೀತು. ಆನೆಗೊಂದಿಯ ಹೊಳೆದಂಡೆಗೆ ಬಂದು ನಿಂತರೆ ಮಾತ್ರ ಒಪ್ಪುವುದಿಲ್ಲ.

ಆನೆಗೊಂದಿಯ ಬಳಿ ತುಂಗಭದ್ರೆ ತಾನೇ ಒಡೆದು, ನವಬೃಂದಾವನದ ನಡುಗಡ್ಡೆಯನ್ನು ತಬ್ಬಿಕೊಂಡು, ಮತ್ತೆ ಕೂಡುತ್ತದೆ. ಸ್ವಲ್ಪ ಮೇಲೆ ವಿರೂಪಾಪುರಗಡ್ಡೆಯಲ್ಲೂ ಅದೇ ಕಥೆ. ಇದು ನಿಸರ್ಗದ ಕೆಲಸ. ಇದರ ಜೊತೆಗೆ ಮನುಷ್ಯ ಮಾಡಿದ್ದೊಂದಿದೆ. ವಿಜಯನಗರದವರು ಹೊಳೆಯ ಬಂಡೆಗಳ ನಡುವೆ ಕಲ್ಲು ಪೇರಿಸಿ, ನೀರನ್ನು ಪೂರ್ತಿ ತಡೆಯದೆ, ಬೇಕಾದಷ್ಟನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡರು. ನಮ್ಮ ಎಡದಂಡೆಯಲ್ಲಿ ಕೊರಗಲ್, ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನ ಕಾಲುವೆ ಮತ್ತು ಕೆಳಗಿನ ಕಾಲುವೆ, ಸಿದ್ದಾಪುರ, ಬೆನ್ನೂರು. ಆಚೆ ದಂಡೆಯಲ್ಲಿ ತುರ್ತು, ರಾಮಸಾಗರ, ಕಂಪ್ಲಿ, ಬೆಳಗೋಡು, ಸಿರುಗುಪ್ಪ. ಐದಾರು ನೂರು ವರ್ಷಗಳಿಂದ ಇವು ಹರಿಯುತ್ತಿವೆ. ವಲ್ಲಭಾಪುರದ ಹಳೆಯ ಒಡ್ಡು ಮಾತ್ರ ಹೊಸ ಜಲಾಶಯದಲ್ಲಿ ಮುಳುಗಿತು. ಅದರ ಬಸವಣ್ಣ ಮತ್ತು ರಾಯ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು.

ಈ ವಿದ್ಯೆಗೆ ಆಗ ಜಲಸೂತ್ರವೆಂಬ ಹೆಸರಿತ್ತು. ಹೆನ್ನೆ ನದಿಯನ್ನು ಪೆನುಗೊಂಡೆಗೆ ತರಬೇಕೆಂದು ಜಲಸೂತ್ರದ ಸಿಂಗಾಯಭಟ್ಟನಿಗೆ ಅಪ್ಪಣೆಯಾದದ್ದು, ಅವನು ಸಿರುವೆರೆ ಕೆರೆಗೆ ಕಾಲುವೆ ತಂದದ್ದು 1388ರ ಶಾಸನವೊಂದರಲ್ಲಿ ಬರುತ್ತದೆ. ಸೂತ್ರವೆಂದರೆ ದಾರ; ಮಟ್ಟ ಹಿಡಿಯುವ ದಾರವೂ ಹೌದು, ಎಳೆಯುವ ದಾರವೂ ಹೌದು. ಆ ಪದ ಕಟ್ಟಿದವರಿಗೆ ನೀರು ತಾನಾಗಿ ಹರಿಯುವ ವಸ್ತು ಮಾತ್ರವಾಗಿರಲಿಲ್ಲ, ಎಳೆದು ತರುವ ವಸ್ತುವೂ ಆಗಿತ್ತು.

ಈಗ ಯಂತ್ರದ ಕೆಲಸ ನೋಡೋಣ. ಕಂಪ್ಯೂಟರಿಗೆ ನದಿ ಗೊತ್ತಿಲ್ಲ, ನೆಲದ ಎತ್ತರ ಮಾತ್ರ ಗೊತ್ತು. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ ರಾಡಾರಿನಿಂದ ಎತ್ತರ ಅಳೆಯಿತು. ನಮ್ಮ ದೇಶದ ಭಾಗಕ್ಕೆ ಮೊದಲು ಸಿಕ್ಕಿದ್ದು ಸುಮಾರು 90 ಮೀಟರಿಗೊಂದು ಅಂಕಿ. ನೆಲವನ್ನೆಲ್ಲ ಚೌಕಾಬಾರದ ಮನೆಗಳಂತೆ ಕೊರೆದು ಒಂದೊಂದು ಮನೆಗೂ ಒಂದು ಎತ್ತರ ಬರೆದಿಟ್ಟರು ಎಂದುಕೊಳ್ಳಿ. ಪ್ರತಿ ಮನೆಯ ಸುತ್ತ ಎಂಟು ಮನೆಗಳು. ಯಾವುದರ ಕಡೆಗೆ ಇಳಿಜಾರು ಹೆಚ್ಚೋ ಆ ಒಂದಕ್ಕೆ ತನ್ನ ನೀರನ್ನೆಲ್ಲ ಸುರಿಯಬೇಕು. 1984ರಲ್ಲಿ ಓ'ಕಲ್ಲಹನ್ ಮತ್ತು ಮಾರ್ಕ್ ಎಂಬಿಬ್ಬರು ಬರೆದ ಈ ನಿಯಮವೇ ಇವತ್ತಿಗೂ ಹೆಚ್ಚಿನ ಮಾದರಿಗಳ ತಳಹದಿ. ಬಳಿಕ ಯಂತ್ರ ಎಣಿಸುತ್ತದೆ: ಈ ಮನೆಗೆ ಮೇಲಿನಿಂದ ಎಷ್ಟು ಮನೆಗಳ ನೀರು ಬಂತು? ಆ ಎಣಿಕೆ ಗೊತ್ತುಮಾಡಿದ ಗಡಿ ದಾಟಿದ ಕಡೆಯಿಂದ ಹಳ್ಳವೆಂದು ಗೆರೆ ಎಳೆಯುತ್ತದೆ. ಗಡಿಯನ್ನು ಗೊತ್ತುಮಾಡುವವರು ಯಂತ್ರದ ಮುಂದೆ ಕುಳಿತವರು. ಅವರು ಅಂಕಿಯನ್ನು ಹತ್ತು ಪಟ್ಟು ಏರಿಸಿದರೆ ಯಲಬುರ್ಗಾದ ಸರುವುಗಳೆಲ್ಲ ಒಂದೇ ಕ್ಷಣಕ್ಕೆ ಮಾಯ. ಇಳಿಸಿದರೆ ಹೊಲಹೊಲದಲ್ಲೂ ಹಳ್ಳ.

ಸುರಿಯುವುದು ಒಂದೇ ಮನೆಗೆ ಎಂಬ ನಿಯಮದಿಂದಾಗಿ ನೀರು ಒಡೆಯುವಂತಿಲ್ಲ. ನವಬೃಂದಾವನದ ಒಂದು ಮಗ್ಗುಲಿಗೆ ಮಾತ್ರ ಹೊಳೆ ಬೀಳುತ್ತದೆ, ಇನ್ನೊಂದು ಮಗ್ಗುಲು ಒಣಗುತ್ತದೆ. ಯತಿಗಳ ಬೃಂದಾವನಗಳಿರುವ ನಡುಗಡ್ಡೆ ದಂಡೆಗೆ ಅಂಟಿಕೊಳ್ಳುತ್ತದೆ. ಕಾಲುವೆಯಂತೂ ಬೀಳುವುದೇ ಇಲ್ಲ. ಹತ್ತಾರು ಗಜ ಅಗಲದ ಕಾಲುವೆ 90 ಮೀಟರಿನ ಚೌಕದೊಳಗೆ ಕರಗಿಹೋಗುತ್ತದೆ. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಒಂದು ಕಡೆ ಗುಡ್ಡದೊಳಗೇ ನುಗ್ಗುತ್ತದೆ. ಅದನ್ನು ಪಾಪಯ್ಯ ಟನಲ್ ಎನ್ನುತ್ತಾರೆ. ಹೈದರಾಬಾದ್ ಕಡೆಯಿಂದ ಅಣೆಕಟ್ಟಿನ ಕೆಲಸ ನೋಡಿಕೊಂಡ ಎಂಜಿನಿಯರರ ಹೆಸರೂ ಪಾಪಯ್ಯ. ಆಕಾಶದಿಂದ ನೋಡುವ ರಾಡಾರಿಗೆ ಅಲ್ಲಿ ಕಾಣುವುದು ಗುಡ್ಡ ಮಾತ್ರ. ಇನ್ನು ಜಲಾಶಯದ ಮೇಲ್ಮೈ ಕನ್ನಡಿಯಂತೆ ಸಪಾಟು. ಅಲ್ಲಿ ಇಳಿಜಾರೇ ಇಲ್ಲದ್ದರಿಂದ ಯಂತ್ರ ದಿಕ್ಕು ತಪ್ಪಿ, ಸ್ಕೇಲು ಹಿಡಿದು ಎಳೆದಂಥ ನೇರ ಗೆರೆಗಳನ್ನು ಎಳೆಯುತ್ತದೆ. ಮುಳುಗಿದ ಊರುಗಳ ನಡುವೆ ಹೊಳೆ ಹಿಂದೆ ಹೇಗೆ ಬಳುಕಿತ್ತೆಂಬುದು ಹಳೆಯ ಸರ್ವೆ ನಕ್ಷೆಗಳಲ್ಲಿ ಮಾತ್ರ ಉಳಿದಿದೆ. ಅಂಥ ನಕ್ಷೆಯ ಗೆರೆಗಳನ್ನು ಎತ್ತರದ ಅಂಕಿಗಳಲ್ಲಿ ಬೇಕೆಂದೇ ಆಳವಾಗಿ ಕೊರೆದು, ಯಂತ್ರದ ನೀರನ್ನು ಆ ಕಡೆಗೇ ಬೀಳಿಸುವ ಉಪಾಯವೂ ಇದೆ. ಮಾದರಿ ಮಾಡುವವರೂ ಹೀಗೆ ಒಂದು ಬಗೆಯ ಕಾಲುವೆ ತೋಡುವವರೇ.

ಆದರೆ ನಮ್ಮ ಸೀಮೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿದ್ದಿದೆ. ಎಂಟೂ ಕಡೆ ಎತ್ತರವಿದ್ದು ನಡುವೆ ತಗ್ಗಿದ್ದರೆ ನೀರು ಎಲ್ಲಿಗೆ ಹೋಗಬೇಕು? ಯಂತ್ರ ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ 1988ರಲ್ಲಿ ಜೆನ್ಸನ್ ಮತ್ತು ಡೊಮಿಂಗ್ ಎಂಬವರು ಪರಿಹಾರ ಬರೆದರು. ತಗ್ಗುಗಳೆಲ್ಲ ಬಹುಮಟ್ಟಿಗೆ ಅಳತೆಯ ದೋಷಗಳು. ಮೊದಲು ಅವನ್ನೆಲ್ಲ ಅಂಚಿನ ಮಟ್ಟದವರೆಗೆ ತುಂಬಿಬಿಡಿ, ಆಮೇಲೆ ನೀರು ಹರಿಸಿ. ಜಗತ್ತಿನಾದ್ಯಂತ ಇದು ಮೊದಲ ಹೆಜ್ಜೆಯಾಯಿತು. ಮಳೆ ಧಾರಾಳವಾಗಿರುವ ದೇಶಗಳಲ್ಲಿ ದೊಡ್ಡ ಹಾನಿಯೇನೂ ಆಗಲಿಕ್ಕಿಲ್ಲ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಕುಷ್ಟಗಿ, ಯಲಬುರ್ಗಾಗಳಲ್ಲಿ ತಗ್ಗು ಎಂದರೆ ಕೆರೆ.

ಕೆಲವು ವರ್ಷಗಳ ಹಿಂದೆ ಮೂರು ನಾಲ್ಕು ವಿದ್ಯಾರ್ಥಿಗಳು ಇಂಥದೊಂದು ನಕ್ಷೆಯನ್ನು ಅಚ್ಚು ಹಾಕಿಸಿಕೊಂಡು ಕುಷ್ಟಗಿ ಕಡೆಗೆ ಬಂದಿದ್ದರು. ದಾರಿ ತೋರಿಸಲು ನಾನೂ ಜೊತೆಗೆ ಹೋಗಿದ್ದೆ. ಒಂದು ಊರಿನ ಕೆರೆಯ ಒಡ್ಡಿನ ಮೇಲೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ನಕ್ಷೆಯನ್ನು ಬಹಳ ಹೊತ್ತು ನೋಡಿ, ನೀಲಿ ಗೆರೆಯ ಮೇಲೆ ಬೆರಳಿಟ್ಟರು.

"ತಮ್ಮಾ, ಇದು ನಮ್ಮೂರ ಹಳ್ಳನ?"

"ಹೌದ್ರಿ ಅಜ್ಜಾರ."

"ಮತ್ತ ಕೆರಿ ಎಲ್ಲೈತಿ?"

"ಕೆರಿ ಇದರಾಗ ಬಂದಿಲ್ರಿ."

"ಕೆರಿ ಇಲ್ಲಂದ್ರ ಕೋಡಿ ಇಲ್ಲ. ಕೋಡಿ ಇಲ್ಲಂದ್ರ ಈ ಹಳ್ಳಕ್ಕ ನೀರ ಎಲ್ಲಿಂದ ಬರತೈತಿ? ಕೆರಿ ತುಂಬಿದ ವರ್ಷ ಅಷ್ಟ ಇದು ಹರೀತೈತಿ. ಉಳಿದ ವರ್ಷ ನಮ್ಮ ಕುರಿ ಇದರಾಗ ಮಲಗತಾವು."

ಹುಡುಗರು ನಕ್ಕರು, ಆಮೇಲೆ ಸುಮ್ಮನಾದರು. ಮುದುಕರ ಮಾತಿನಲ್ಲಿ ಒಂದು ಪೂರ್ತಿ ಲೆಕ್ಕವಿತ್ತು. ಯಂತ್ರದ ಪ್ರಕಾರ ಮೇಲೆ ಬಿದ್ದ ಮಳೆ, ಇಂಗಿದ್ದು ಆವಿಯಾದದ್ದು ಕಳೆದು, ಉಳಿದದ್ದೆಲ್ಲ ಪ್ರತಿ ವರ್ಷವೂ ಕೆಳಗೆ ಹೋಗುತ್ತದೆ. ಮುದುಕರ ಪ್ರಕಾರ ನಡುವೆ ಒಂದು ಹೊಟ್ಟೆಯಿದೆ. ಅದು ತುಂಬಿದ ಮೇಲಷ್ಟೇ ಮುಂದಿನ ಮಾತು. ಊರೂರಿಗೊಂದು ಕೆರೆಯಿರುವ ಕಡೆ ಇಂಥ ಹೊಟ್ಟೆಗಳು ಸಾಲಾಗಿ ಇರುತ್ತವೆ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಬಾಯಿ. ಅಮೆರಿಕದ ಕೃಷಿ ಇಲಾಖೆಯಲ್ಲಿ ಹುಟ್ಟಿ ನಮ್ಮಲ್ಲೂ ಬಹಳ ಬಳಕೆಗೆ ಬಂದ ಸ್ವಾಟ್ ಎಂಬ ಮಾದರಿಯಲ್ಲಿ ಸಣ್ಣ ಕೆರೆಗಳಿಗೆ ಜಾಗ ಮಾಡಿದ್ದಾರೆ, ನಿಜ. ಒಂದು ಉಪಜಲಾನಯನದ ಕೆರೆಗಳನ್ನೆಲ್ಲ ಗುಡ್ಡೆ ಹಾಕಿ ಒಂದೇ ದೊಡ್ಡ ಕೆರೆಯೆಂದು ಎಣಿಸುವ ಪದ್ಧತಿ. ಹತ್ತು ಬಡವರ ಗಂಟುಗಳನ್ನು ಕೂಡಿಸಿ ಒಬ್ಬ ಸಾಹುಕಾರನನ್ನು ಮಾಡಿದ ಹಾಗೆ. ಕೂಡಿದ ಮೊತ್ತ ಸರಿಯಿರಬಹುದು. ಯಾವ ಊರಿನ ಕೆರೆ ತುಂಬಿತು, ಯಾವುದು ಬರಿದಾಯಿತು ಎಂಬುದು ಅದರಲ್ಲಿ ಸಿಗುವುದಿಲ್ಲ.

ಕೆರೆ ಬಿಟ್ಟುಹೋದದ್ದಕ್ಕಿಂತ ಕಾಲುವೆ ಬಿಟ್ಟುಹೋದದ್ದರ ಪರಿಣಾಮ ಹೆಚ್ಚು ಕಟುವಾದದ್ದು. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. ಕಂಪ್ಯೂಟರಿಗಿಂತ ಮೊದಲೇ ಕೃಷ್ಣೆಯನ್ನು ಕಾಗದದ ಮೇಲೆ ಕೂಡಿಸಿದ್ದಾಗಿತ್ತು. ಕೃಷ್ಣಾ ಗೋದಾವರಿ ಆಯೋಗ 1962ರಲ್ಲಿ ಕೃಷ್ಣಾ ಕಣಿವೆಯನ್ನು 12 ಉಪಕಣಿವೆಗಳಾಗಿ ಹೋಳು ಮಾಡಿ ನಂಬರು ಕೊಟ್ಟಿತು. ತುಂಗಭದ್ರೆ ಕೆ-8, ಅವಳನ್ನು ಸೇರುವ ವೇದಾವತಿ ಕೆ-9. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿಯೂ ಈ ನಂಬರುಗಳನ್ನೇ ಹಿಡಿದು ವಾದ ಕೇಳಿ 1973ರಲ್ಲಿ ತೀರ್ಪು ಕೊಟ್ಟಿತು, 1976ರಲ್ಲಿ ಅದು ಅಂತಿಮವಾಯಿತು. ರಾಜ್ಯಗಳ ಪಾಲಿನ ನೀರು ನಿರ್ಧಾರವಾದದ್ದು ಇಂಥ ಒಂದು ಚಿತ್ರದ ಮೇಲೆ. ಕೊಪ್ಪಳ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ರಾಯಚೂರಿನಿಂದ ಬೇರೆಯಾಗಿ. ಆಡಳಿತದ ಗೆರೆಗೂ ನೀರಿನ ಗೆರೆಗೂ ತಾಳೆಯಿಲ್ಲ. ಜಿಲ್ಲೆಯ ಹೆಚ್ಚಿನ ನೀರು ಹಿರೇಹಳ್ಳ, ಮಸ್ಕಿಹಳ್ಳಗಳ ಮೂಲಕ ತುಂಗಭದ್ರೆಗೆ, ಕುಷ್ಟಗಿಯ ಉತ್ತರದ ಅಂಚಿನದು ಇಳಕಲ್ ಹಳ್ಳ ಹಿಡಿದು ಕೃಷ್ಣೆಗೆ. ಒಂದೇ ತಾಲೂಕಿನ ಮಳೆ ಎರಡು ಲೆಕ್ಕದ ಪುಸ್ತಕಗಳಿಗೆ ಹೋಗುತ್ತದೆ.

1953ರಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟರು. ಉದ್ದ 227 ಕಿಲೋಮೀಟರ್. ಕೊಪ್ಪಳ, ಗಂಗಾವತಿ ದಾಟಿ ಸಿಂಧನೂರು, ಮಾನ್ವಿ ಸೀಮೆಗಳಿಂದ ರಾಯಚೂರಿನ ಕಡೆಗೆ. ಬರದ ನಾಡಿಗೆ ಆಸರೆಯಾಗಲೆಂದು ಥರಾವರಿ ಒಣಬೆಳೆಗಳಿಗೆ ತೆಳುವಾಗಿ ಹಂಚುವ ಉದ್ದೇಶ ಅದರದು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಮೊದಲೇ ಬರೆದಿಟ್ಟಿದ್ದರು. ಭತ್ತಕ್ಕೆ ಜಾಗ ಬಹಳ ಕಡಿಮೆ. ಆಂಧ್ರದ ಕರಾವಳಿಯಿಂದ ಬಂದು ನೆಲ ಕೊಂಡ ರೈತರು ಕ್ಯಾಂಪುಗಳನ್ನು ಕಟ್ಟಿದರು, ಎರೆ ಹೊಲವನ್ನು ಮಟ್ಟ ಮಾಡಿದರು, ಭತ್ತ ಹಾಕಿದರು. ಅವರನ್ನು ನೋಡಿ ಸ್ಥಳೀಕರೂ ಹಾಕಿದರು. ಗಂಗಾವತಿ ಭತ್ತದ ಕಣಜವಾಯಿತು, ಗಿರಣಿಗಳ ಊರಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಮೇಲ್ಭಾಗದಲ್ಲಿ ನಿಂತ ನೀರು ಕೆಳಭಾಗಕ್ಕೆ ತಲುಪಲಿಲ್ಲ. ಈ ಎಡದಂಡೆ ಕಾಲುವೆಯ ಹಂಚಿಕೆಯ ರಾಜಕೀಯವನ್ನೇ ವಿಷಯ ಮಾಡಿಕೊಂಡು ನೆದರ್‌ಲ್ಯಾಂಡ್ಸಿನ ಪೀಟರ್ ಮೊಲಿಂಗಾ 1998ರಲ್ಲಿ ವಾಖೆನಿಂಗನ್ ವಿಶ್ವವಿದ್ಯಾಲಯಕ್ಕೆ ಪ್ರೌಢಪ್ರಬಂಧ ಒಪ್ಪಿಸಿದರು. ತೂಬಿನ ಕೀಲಿ ಯಾರ ಕೈಯಲ್ಲಿ, ರಾತ್ರಿ ಯಾರು ಕಾಯುತ್ತಾರೆ ಎಂಬುದೂ ನೀರಿನ ಹರಿವಿನ ನಿಯಮವೇ ಎಂದು ತೋರಿಸುವ ಬರಹ ಅದು. ನನಗೆ ಬಹಳ ಹಿಡಿಸಿತು.

ಇದನ್ನು ಪಕ್ಕಕ್ಕಿಟ್ಟು ಮಾದರಿ ನೋಡಿ. ದೆಹಲಿ ಐಐಟಿಯ ಎ. ಕೆ. ಗೋಸಾಯಿನ್ ಮತ್ತು ಸಂಗಡಿಗರು ಹವಾಮಾನ ಬದಲಾದರೆ ದೇಶದ ನದಿಗಳ ಗತಿಯೇನು ಎಂದು ತಿಳಿಯಲು ಕೃಷ್ಣೆಯೂ ಸೇರಿದಂತೆ 12 ಕಣಿವೆಗಳಿಗೆ ಸ್ವಾಟ್ ಮಾದರಿ ಹಚ್ಚಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಣೆಕಟ್ಟು, ತಿರುವುಗಾಲುವೆಗಳನ್ನು ಅದರಲ್ಲಿ ಸೇರಿಸಿರಲಿಲ್ಲ. ಹಾಗೆಂದು ಅವರೇ ಹೇಳಿದ್ದಾರೆ. ದೇಶಕ್ಕೆಲ್ಲ ಒಂದು ಮೊದಲ ಅಂದಾಜು ಬೇಕಾಗಿದ್ದಾಗ ಅದು ತಪ್ಪಲ್ಲ. ಅದೇ ಸುಮಾರಿಗೆ, 2006ರಿಂದ 2009ರವರೆಗೆ, ಐರೋಪ್ಯ ಒಕ್ಕೂಟದ ಸ್ಟ್ರೈವರ್ ಎಂಬ ಯೋಜನೆ ತುಂಗಭದ್ರೆಯನ್ನು ನಾರ್ವೆಯ ಗ್ಲೊಮ್ಮಾ ಮೊದಲಾದ ನದಿಗಳ ಜೊತೆಗೆ ಇಟ್ಟು ಅಭ್ಯಾಸ ಮಾಡಿತು. ಇವೆಲ್ಲ ಬೇಕಾದ ಕೆಲಸಗಳು. ನನ್ನ ತಕರಾರು ಇಂಥ ಚಿತ್ರಗಳು ಕಚೇರಿಯಿಂದ ಕಚೇರಿಗೆ ದಾಟುವಾಗ ಆಗುವುದರ ಬಗ್ಗೆ. ಕಾಲುವೆಯಿಲ್ಲದ ಚಿತ್ರದಲ್ಲಿ ಮಾನ್ವಿಯ ರೈತನ ಹೊಲ ಒಣಗಿದರೆ ಅದಕ್ಕೆ ಕಾರಣ ಒಂದೇ: ಮಳೆ ಕಡಿಮೆ. ಬಯಲಿನಲ್ಲಿ ನಿಂತು ನೋಡಿದರೆ ಕಾರಣ ಹಂಚಿಕೆ. ಮೊದಲನೆಯದಕ್ಕೆ ಯಾರನ್ನೂ ಕೇಳುವಂತಿಲ್ಲ. ಎರಡನೆಯದಕ್ಕೆ ಕೇಳಬಹುದು. ಕೊನೆ ಭಾಗದ ರೈತರು ಕೇಳುತ್ತಲೇ ಬಂದಿದ್ದಾರೆ, ರಸ್ತೆಗೆ ಇಳಿದೂ ಕೇಳಿದ್ದಾರೆ. ತಮ್ಮ ಉಪಕಾಲುವೆಯ ನಂಬರನ್ನು ಅವರು ಊರಿನ ಹೆಸರಿನಂತೆ ಹೇಳುತ್ತಾರೆ. ಆ ನಂಬರುಗಳೇ ಅವರ ನದಿಜಾಲ, ಹಾರ್ಟನ್ನನ ದರ್ಜೆಗಳಲ್ಲ.

ಇದರ ಇನ್ನೊಂದು ಮುಖ ಗಂಗಾವತಿಯ ಹಳ್ಳಗಳಲ್ಲಿದೆ. ಮಳೆಯ ಲೆಕ್ಕ ಮಾತ್ರ ಬಲ್ಲ ಮಾದರಿ ಮಾರ್ಚಿಯಲ್ಲಿ ಅವು ಒಣಗಿರಬೇಕೆಂದು ಹೇಳುತ್ತದೆ. ಕಾಲುವೆಯ ಬಸಿನೀರು, ಗದ್ದೆಯ ಹೆಚ್ಚುವರಿ ನೀರು ಸೇರಿ ಅವು ಬೇಸಿಗೆಯಲ್ಲೂ ಹರಿಯುತ್ತವೆ. ದಂಡೆಯ ರೈತರು ಪಂಪು ಹಚ್ಚಿ ಅದನ್ನೇ ಮತ್ತೆ ಹೊಲಕ್ಕೆ ಎತ್ತುತ್ತಾರೆ. ಹೊಳೆಯಿಂದ ಕಾಲುವೆ, ಕಾಲುವೆಯಿಂದ ಗದ್ದೆ, ಗದ್ದೆಯಿಂದ ಹಳ್ಳ, ಹಳ್ಳದಿಂದ ಮತ್ತೆ ಗದ್ದೆ, ಉಳಿದದ್ದು ಹೊಳೆಗೆ. ಮರದ ಚಿತ್ರದಲ್ಲಿ ಇಂಥ ಸುತ್ತು ಬರೆಯಲು ಬರುವುದಿಲ್ಲ. ಹಾಗಾಗಿ ನೀರು ಹಂಚುವ ಮಾದರಿಗಳಲ್ಲಿ ಈಗ ಮರವನ್ನು ಬಿಟ್ಟು ಗಂಟು ಮತ್ತು ಎಳೆಗಳ ಬಲೆ ಹೆಣೆಯುತ್ತಾರೆ. ಅಣೆಕಟ್ಟು ಒಂದು ಗಂಟು, ತೂಬು ಒಂದು ಗಂಟು, ಊರು ಒಂದು ಗಂಟು. ಪ್ರತಿ ಗಂಟಿನಲ್ಲೂ ಯಾವ ಎಳೆಗೆ ಎಷ್ಟು ಎಂದು ಮನುಷ್ಯನೇ ಕೂತು ಬರೆಯಬೇಕು. ಸಿಂಗಾಯಭಟ್ಟನಿಗೆ ಇದು ಅರ್ಥವಾಗುತ್ತಿತ್ತೆಂದು ನನ್ನ ಗುಮಾನಿ.

ಜಾಲ ಬರೆದದ್ದಾಯಿತು. ನೀರು ಅದರಲ್ಲಿ ಎಷ್ಟು ಹೊತ್ತಿಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದು ಬೇರೆಯೇ ಲೆಕ್ಕ. ಫ್ರಾನ್ಸಿನ ಸಾಂ ವೆನಾಂ 1871ರಲ್ಲಿ ಬರೆದ ಸಮೀಕರಣಗಳಿವೆ; ಅವನ್ನು ಪೂರ್ತಿ ಬಿಡಿಸುವುದು ಕಷ್ಟವೆಂದು 1938ರಲ್ಲಿ ಅಮೆರಿಕದ ಮಸ್ಕಿಂಗಮ್ ನದಿಗಾಗಿ ಮೆಕಾರ್ಥಿ ಮಾಡಿಕೊಂಡ ಸುಲಭೋಪಾಯವಿದೆ. ಗವಿಮಠದ ತೇರಿನ ದಿನ ಒಂದು ಓಣಿಗೆ ಒಮ್ಮೆಲೇ ನುಗ್ಗಿದ ಜನ ಆಚೆ ತುದಿಯಲ್ಲಿ ಒಮ್ಮೆಲೇ ಹೊರಬೀಳುವುದಿಲ್ಲ. ಒಳಗೆ ಸ್ವಲ್ಪ ಹೊತ್ತು ತುಂಬಿ ನಿಂತು, ನಿಧಾನಕ್ಕೆ ಚದುರಿ ಬರುತ್ತಾರೆ. ನೆರೆಯೂ ಹಾಗೆ. ಈ ಲೆಕ್ಕದ ಬೆಲೆ 2024ರ ಆಗಸ್ಟ್ 10ರ ರಾತ್ರಿ ಗೊತ್ತಾಯಿತು. ಜಲಾಶಯ ತುಂಬಿದ್ದಾಗ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35,000 ಕ್ಯೂಸೆಕ್ ನುಗ್ಗುತ್ತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಒಟ್ಟು 1 ಲಕ್ಷ ಕ್ಯೂಸೆಕ್ಕಿನಷ್ಟು ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಇಳಿಸಿ ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿತು. ಅಷ್ಟು ದಿನ ಕೆಳಗಿನ ಊರವರ ಪ್ರಶ್ನೆ ಒಂದೇ: ನಮ್ಮಲ್ಲಿಗೆ ಎಷ್ಟು ಹೊತ್ತಿಗೆ, ಎಷ್ಟು ಎತ್ತರ? ಕಂಪ್ಲಿ ಸೇತುವೆ ಮುಳುಗುತ್ತದೋ ಇಲ್ಲವೋ? ಆಗ ಬೇಕಾಗುವುದು ಮರವೂ ಅಲ್ಲ, ಬಲೆಯೂ ಅಲ್ಲ. ಹೊಳೆಯ ಪಾತ್ರದ ಅಡ್ಡಕೊಯ್ತ, ಬಂಡೆ, ಹಳೆಯ ಒಡ್ಡು, ನಡುಗಡ್ಡೆ, ಒಂದೊಂದೂ. ನವಬೃಂದಾವನವನ್ನು ದಂಡೆಗೆ ಅಂಟಿಸಿದ ನಕ್ಷೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹೊಳೆ ನೀರನ್ನಷ್ಟೇ ಅಲ್ಲ, ಮಣ್ಣನ್ನೂ ತರುತ್ತದೆ. ಕಟ್ಟಿದಾಗ 133 ಟಿಎಂಸಿ ಎನ್ನುತ್ತಿದ್ದ ಜಲಾಶಯ 2016ರ ಅಳತೆಯಲ್ಲಿ 105.788 ಟಿಎಂಸಿಗೆ ಇಳಿದಿತ್ತು. ಮೇಲಿನ ಸರುವುಗಳು, ಮೇಲಿನ ಮಾದರಿಯಲ್ಲಿ ಗಡಿ ದಾಟದೆ ಮಾಯವಾದವು ಕೂಡ, ತಮ್ಮ ಪಾಲಿನ ಹೂಳನ್ನು ತಪ್ಪದೆ ಒಪ್ಪಿಸಿವೆ. ಹಿರೇಹಳ್ಳವೂ ಹೂಳು, ಜಾಲಿಕಂಟಿಗಳಲ್ಲಿ ಹೂತುಹೋಗಿತ್ತು. 2019ರಲ್ಲಿ ಗವಿಮಠದ ಶ್ರೀಗಳು ಮುಂದೆ ನಿಂತು, ಜನರನ್ನು ಕೂಡಿಸಿ, 20 ಕಿಲೋಮೀಟರಿಗೂ ಹೆಚ್ಚು ಉದ್ದ ಅದನ್ನು ಬಿಡಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಯೂ ಅದೇ ಕಾಲಕ್ಕೆ ಜನರ ಕೈಯಿಂದ ಹೂಳು ಕಳೆದುಕೊಂಡಿತು. 2000ದ ರಾಡಾರಿನ ಎತ್ತರಗಳಲ್ಲಿ ಇವೆರಡೂ ಹಳೆಯ ಹೂಳಿನೊಂದಿಗೇ ಇವೆ.

ಇನ್ನು ಕೃಷ್ಣಾ ಮೇಲ್ದಂಡೆ ಮೂರನೇ ಹಂತದಲ್ಲಿ ಕೊಪ್ಪಳ ಏತ ನೀರಾವರಿ ಎಂಬುದೊಂದು ಸೇರಿದೆ. ನಾರಾಯಣಪುರ ಜಲಾಶಯದ ಹಿನ್ನೀರನ್ನು ಪಂಪಿನಿಂದ ಎತ್ತಿ, ಪೈಪಿನಲ್ಲಿ ಕುಷ್ಟಗಿ, ಯಲಬುರ್ಗಾದ ಮಡ್ಡಿಗೆ ಏರಿಸುವ ಯೋಜನೆ. ಇಳಕಲ್ ಹಳ್ಳ ಯಾವ ಕಡೆಗೆ ಇಳಿಯುತ್ತದೋ ಆ ಕಡೆಯಿಂದ ನೀರು ತಿರುಗಿ ಹತ್ತಬೇಕು, ಹತ್ತಿದ್ದರಲ್ಲಿ ಒಂದು ಪಾಲು ದಿಬ್ಬ ದಾಟಿ ಹಿರೇಹಳ್ಳದ ಕಡೆಗೂ ಬಿದ್ದೀತು. ಎಂಟು ಮನೆಗಳ ಯಂತ್ರ ಇದನ್ನು ಒಪ್ಪುವುದಿಲ್ಲ. ನಕ್ಷೆಯ ಮೇಲೆ ಕೈಯಿಂದಲೇ ಒಂದು ಎಳೆ ಎಳೆದು, ಇಲ್ಲಿ ಇಷ್ಟು ತೆಗೆ, ಅಲ್ಲಿ ಇಷ್ಟು ಹಾಕು ಎಂದು ಬರೆಯಬೇಕು. ಎಷ್ಟು ಎಂಬ ಅಂಕಿ ಎರಡನೇ ಕೃಷ್ಣಾ ನ್ಯಾಯಮಂಡಳಿಯಿಂದ ಬರಬೇಕಾದದ್ದು. ಅದು 2010ರಲ್ಲಿ ತೀರ್ಪು ಕೊಟ್ಟು 2013ರಲ್ಲಿ ಹೆಚ್ಚಿನ ವರದಿಯನ್ನೂ ಕೊಟ್ಟಿತು. ಅಲ್ಲಿಂದ ಮುಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ವರ್ಷಗಟ್ಟಲೆ ನಿಂತಿತು.